ನಳಿಗೆಗೂ ಮರಕ್ಕೂ ನಡುವೆ

ಬಂದೂಕು ರಿಪೇರಿ ಎಂದರೆ ಗುಂಡು, ಮದ್ದು, ಸದ್ದಿನ ಕೆಲಸ ಎಂದುಕೊಂಡು ಹುಡುಗರು ಬರುತ್ತಾರೆ. ಈಗ ದೇವನಹಳ್ಳಿ ಸುತ್ತಮುತ್ತ ಗುರಿ ಅಭ್ಯಾಸದ ಕ್ಲಬ್ಬುಗಳು ಆಗಿವೆ. ಅಲ್ಲಿ ಆಯುಧ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಕೆಲವರು ಯಾರೋ ಹೇಳಿದರೆಂದು ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಅವರಿಗೆ ನಾನು ಮೊದಲು ಹೇಳುವುದು ಇಷ್ಟೇ. ಈ ವೃತ್ತಿಯಲ್ಲಿ ಮುಕ್ಕಾಲು ಪಾಲು ಬಡಗಿ ಕೆಲಸ. ಕಬ್ಬಿಣ ಸುಲಭಕ್ಕೆ ಕೆಡುವುದಿಲ್ಲ, ಮರ ಕೆಡುತ್ತದೆ. ಬಿದ್ದರೆ ಸೀಳುತ್ತದೆ, ಮಳೆಗೆ ಊದುತ್ತದೆ, ಬಿಸಿಲಿಗೆ ಬಾಗುತ್ತದೆ, ಮೂಲೆಯಲ್ಲಿಟ್ಟು ಮರೆತರೆ ಗೆದ್ದಲಿಗೆ ಊಟವಾಗುತ್ತದೆ. ಹೆಗಲಿಗೆ ಒರಗುವ, ಕೈ ಹಿಡಿಯುವ ಆ ಮರದ ಭಾಗಕ್ಕೆ ನಮ್ಮ ಅಂಗಡಿಯಲ್ಲಿ ಕುಂದಾ ಎನ್ನುತ್ತಿದ್ದೆವು. ಈಗಿನವರು ಸ್ಟಾಕ್ ಎನ್ನುತ್ತಾರೆ. ನನ್ನ ಆಯುಸ್ಸೆಲ್ಲ ಅದನ್ನು ಕೆತ್ತಿಯೇ ಕಳೆಯಿತು.

ನಾನು ಅನುಗೊಂಡನಹಳ್ಳಿಯವನು. ನಮ್ಮ ತಂದೆ ಗಾಡಿ, ಬಾಗಿಲು, ನೇಗಿಲು ಮಾಡುತ್ತಿದ್ದ ಆಚಾರಿಗಳು. ಹೊಸಕೋಟೆಯಲ್ಲಿ ಖಾದರ್ ಸಾಹೇಬರ ಬಂದೂಕು ಅಂಗಡಿಗೆ ಒಂದು ಬೀರುವಿನ ಬಾಗಿಲು ಕೂರಿಸಲು ಹೋದವನನ್ನು ಅವರು ಅಲ್ಲೇ ಉಳಿಸಿಕೊಂಡರು. ಲೈಸೆನ್ಸು ಅವರದು, ಉಳಿ ನನ್ನದು. ಕೊನೆಯವರೆಗೂ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. 'ಆಚಾರಿ' ಎಂದರೆ ನಾನೇ.

ಅವರು ಕಲಿಸಿದ ಮೊದಲ ಕೆಲಸ ಕಪ್ಪು ಹಿಡಿಯುವುದು. ದೀಪದ ಕಾಡಿಗೆಯನ್ನು ಕಬ್ಬಿಣದ ಭಾಗಕ್ಕೆ ತೆಳ್ಳಗೆ ಸವರಿ, ಅದನ್ನು ಮರದ ಗುಳಿಯಲ್ಲಿ ಒತ್ತಿ ತೆಗೆಯಬೇಕು. ಕಪ್ಪು ಅಂಟಿದ ಕಡೆ ಮರ ಎತ್ತರವಿದೆ ಎಂದು ಅರ್ಥ. ಅಷ್ಟನ್ನು ಮಾತ್ರ ಕೆರೆದು ಮತ್ತೆ ಸವರಬೇಕು, ಮತ್ತೆ ಒತ್ತಬೇಕು. ಗುಳಿಯ ತಳವೆಲ್ಲ ಒಂದೇ ಸಮ ಕಪ್ಪಾಗುವವರೆಗೆ ಇದೇ ಪಾಡು. ಬೇಸರವಾಗಿ ಒಂದೇಟು ಜಾಸ್ತಿ ಹೊಡೆದರೆ ಹೋಯಿತು, ತೆಗೆದ ಮರವನ್ನು ಮತ್ತೆ ಇಡಲಾಗುವುದಿಲ್ಲ.

ಚುನಾವಣೆ ಬಂದಾಗ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಯಲ್ಲಿ ಇಡಬೇಕು. ಅಲ್ಲಿನ ಮೂಲೆಯಲ್ಲಿ ಬಿದ್ದಿದ್ದು ವಾಪಸ್ಸು ಬಂದ ಮೇಲೆ ನಮಗೆ ಕೈತುಂಬ ಕೆಲಸ. ಒಮ್ಮೆ ಸೂಲಿಬೆಲೆ ಕಡೆಯ ವಯಸ್ಸಾದ ಹೆಂಗಸೊಬ್ಬರು ತೀರಿಹೋದ ಗಂಡನ ಟೂಟೂ ರೈಫಲ್ ತಂದರು. ಚಿಕ್ಕ ಗುಂಡಿನ, ಚಿಕ್ಕ ಬಂದೂಕು. ಹೊರಗೆ ಪಾಲಿಶು ಹೊಳೆಯುತ್ತಿತ್ತು, ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಯಿತು. ಗೆದ್ದಲು. ಅಕ್ರೋಟಿನ ಹೊಸ ಮರ ತರಿಸುವಷ್ಟು ಅನುಕೂಲ ಅವರಿಗಿರಲಿಲ್ಲ. 'ಇದ್ರಲ್ಲಿ ನಾನೇನ್ ಹೊಡೀಬೇಕಾಗಿಲ್ಲ ಕಣಪ್ಪಾ. ನಮ್ಮೆಜಮಾನ್ರು ಕೈ ಇಟ್ಟಿದ್ದ ಜಾಗ ಒಂದು ಹಂಗೇ ಉಳೀಲಿ' ಎಂದರು. ಹಿಡಿಯ ಹತ್ತಿರದ ಗಟ್ಟಿ ತುಂಡನ್ನು ಉಳಿಸಿಕೊಂಡು, ಹಿಂದೂ ಮುಂದೂ ಅಂಗಡಿಯಲ್ಲಿದ್ದ ಹಳೆಯ ಮರ ಬೆಸೆದು ಕೊಟ್ಟೆವು. ಹೊಸ ಮರ ಕೊಳ್ಳುವುದಕ್ಕಿಂತ ಹಾಗೆ ಮಾಡುವುದು ಹೆಚ್ಚು ಕಷ್ಟ.

ಅಗ್ಗದ ಕೆಲಸಕ್ಕೂ ಅರೆಬರೆ ಕೆಲಸಕ್ಕೂ ವ್ಯತ್ಯಾಸವಿದೆ ಎಂದು ನನಗೆ ಗೊತ್ತಾದದ್ದು ಇನ್ನೊಂದು ಸಲ. ಶಿವಗಂಗೆ ಕಡೆಯ ಯುವಕನೊಬ್ಬ ಬೇರೆ ಎಲ್ಲೋ ಕುಂದಾ ಬದಲಿಸಿಕೊಂಡು, ಬರೀ ಪಾಲಿಶಿಗೆ ನಮ್ಮಲ್ಲಿಗೆ ಬಂದಿದ್ದ. ಖಾದರ್ ಸಾಹೇಬರು ಅಭ್ಯಾಸದಂತೆ ತೆರೆದು, ಖಾಲಿ ಇದೆ ಎಂದು ನೋಡಿ, ಹಿಂಬದಿಯನ್ನು ನೆಲಕ್ಕೆ ಒಂದು ಸಲ ಕುಟ್ಟಿದರು. ಯಾರೂ ಟ್ರಿಗರ್ ಮುಟ್ಟಿರಲಿಲ್ಲ, ಆದರೂ ಒಳಗೆ ಗುಂಡಿಗೆ ಬಡಿಯುವ ಸುತ್ತಿಗೆ ಟಕ್ ಎಂದು ಬಿತ್ತು. ಯಾರೋ ಕೈಗೆ ಸಿಕ್ಕಿದ ಸ್ಕ್ರೂ ಹಾಕಿದ್ದರು. ಅದು ಅಕ್ಕಿಕಾಳಿನಷ್ಟು ಉದ್ದವಾಗಿ, ಒಳಗಿನ ಕೊಕ್ಕೆಯನ್ನು ಸದಾ ತಳ್ಳಿಕೊಂಡೇ ಇತ್ತು. ಆ ಯುವಕ ಅದನ್ನು ಬೈಕಿನಲ್ಲಿ ಹೆಂಡತಿಯ ಹಿಂದೆ ಕಟ್ಟಿಕೊಂಡು ಬಂದಿದ್ದ. ಅಂದು ಸಾಹೇಬರು ನನಗೆ ಹೇಳಿದರು: 'ನೋಡಪ್ಪಾ ಆಚಾರಿ, ಹೊಡ್ದು ನೋಡ್ದೇ ಇರೋ ಬಂದೂಕು ನಮ್ಮ ಬಾಗ್ಲು ದಾಟಬಾರ್ದು. ಗಿರಾಕಿದು ಎಷ್ಟೇ ಅವಸರ ಇರ್ಲಿ.'

ಆ ಬಾಗಿಲನ್ನು ಒಂದೇ ಒಂದು ಬಂದೂಕು ಹಾಗೆ ದಾಟಿತು. ಇದನ್ನೆಲ್ಲ ಬರೆಯಲು ಕೂತದ್ದು ಅದರ ಸಲುವಾಗಿಯೇ.

ಡಾಕ್ಟರ್ ವಾಣಿ ಎಂಬವರು ಕಾಡುಪ್ರಾಣಿಗಳ ವೈದ್ಯೆ. ಚಿರತೆ ಊರಿಗೆ ಬಂದರೆ ಅದಕ್ಕೆ ಮತ್ತಿನ ಔಷಧಿ ತುಂಬಿದ ಸೂಜಿಯನ್ನು ದೂರದಿಂದ ಹೊಡೆದು ಕೆಡಹುವ ಕೆಲಸ ಅವರದು. ಆ ಸೂಜಿಗೆ ಡಾರ್ಟ್ ಎನ್ನುತ್ತಾರೆ. ಹೊಡೆಯಲು ಗ್ಯಾಸಿನ ಒತ್ತಡದ ಒಂದು ಚಿಕ್ಕ ರೈಫಲ್ ಇರುತ್ತದೆ. ಅದು ಜೀಪಿನಿಂದ ಬಿದ್ದು, ಪರದೇಶದ ಕುಂದಾ ಹಿಡಿಯ ಹತ್ತಿರ ಎರಡು ತುಂಡಾಗಿತ್ತು. ಹೊಸದು ತರಿಸಲು ಮಂಜೂರಾತಿ ಆಗಬೇಕು, ಅದು ಯಾವಾಗಲೋ. ಅವರು ತುಂಡುಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಮ್ಮ ಅಂಗಡಿಗೆ ಬಂದರು. ಗಿಡ್ಡ ಆಳು, ಮಾತು ಕಡಿಮೆ.

'ಆಚಾರ್ರೇ, ದುಡ್ಡು ಜಾಸ್ತಿ ಇಲ್ಲ. ಆದ್ರೆ ಗುರಿ ತಪ್ಪಬಾರ್ದು' ಎಂದರು.

ದೊಡ್ಡಬಳ್ಳಾಪುರದಲ್ಲಿ ಹಳೆಯ ಕೈಮಗ್ಗಗಳನ್ನು ಬಿಚ್ಚಿ ಸೌದೆಗೆ ಹಾಕುತ್ತಿದ್ದರು. ಅಲ್ಲಿಂದ ಒಂದು ಹೊನ್ನೆ ಮರದ ತೊಲೆ ತಂದೆ. ಎರಡು ತಲೆಮಾರು ನೆರಳಲ್ಲಿ ಒಣಗಿದ ಮರ, ಇನ್ನು ಬಾಗುವ ಪ್ರಶ್ನೆಯೇ ಇಲ್ಲ. ಡಾಕ್ಟರ ಮೊಣಕೈ ಮಡಿಸಿ ಬೆರಳಿನವರೆಗೆ ಅಳತೆ ತೆಗೆದು, ಪರದೇಶದ ಅಳತೆಗಿಂತ ಗಿಡ್ಡ ಮಾಡಿದೆ. ಹಿಡಿಯ ಹತ್ತಿರ ಮರದ ಎಳೆ ಉದ್ದುದ್ದ ಬರುವಂತೆ ನೋಡಿಕೊಂಡೆ. ಅಡ್ಡ ಎಳೆ ಬಂದರೆ ಅಲ್ಲೇ ಮುರಿಯುವುದು. ಕಪ್ಪು ಹಿಡಿದು ಹಿಡಿದು ಕಬ್ಬಿಣದ ಮೈಯನ್ನು ಕೂರಿಸಿದೆ. ಕೊನೆಗೆ ಅಡಿಯಲ್ಲಿ ಎರಡು ಟ್ಯೂಬಿನದನ್ನು ಬೆರೆಸಿ ಮಾಡುವ ಅಂಟು ಹಾಕಿದೆ. ಅದು ಗಟ್ಟಿಯಾದರೆ ಕಬ್ಬಿಣ ಅಲುಗುವುದಿಲ್ಲ. ಸೂಜಿ ಹಾಯುವ ಮುಂದಿನ ನಳಿಗೆ ಮಾತ್ರ ಮರಕ್ಕೆ ಎಲ್ಲೂ ಮುಟ್ಟಬಾರದು. ಇವೆರಡರ ನಡುವೆ ಒಂದು ಕಾಗದ ತುದಿಯಿಂದ ಬುಡದವರೆಗೆ ಸಲೀಸಾಗಿ ಸರಿಯಬೇಕು. ಮುಟ್ಟಿದರೆ ನಳಿಗೆ ಒಂದು ಕಡೆ ನೋಡುತ್ತದೆ, ಮೇಲೆ ಗುರಿ ನೋಡುವ ದುರ್ಬೀನು ಇನ್ನೊಂದು ಕಡೆ ನೋಡುತ್ತದೆ.

ಅಂಟು ಪೂರ್ತಿ ಗಟ್ಟಿಯಾಗಲು ಇನ್ನೊಂದು ದಿನ ಬೇಕಿತ್ತು. ಆಮೇಲೆ ಅಂಗಡಿಯ ಹಿಂದೆ ಹೊಡೆದು ನೋಡಿ ಕೊಡುವುದು ಎಂದು ಮಾತಾಗಿತ್ತು. ಅವತ್ತು ಬೆಳಿಗ್ಗೆ ಡಾಕ್ಟರ ಜೀಪು ಬಂದು ಬಾಗಿಲಿಗೆ ಅಡ್ಡವೇ ನಿಂತಿತು. ಪಿಲ್ಲಗುಂಪೆಯಲ್ಲಿ ಒಂದು ಗೋದಾಮಿಗೆ ಚಿರತೆ ನುಗ್ಗಿತ್ತು. ಕಾವಲುಗಾರ ಹನುಮಂತರಾಯಪ್ಪ ಒಳಗಿದ್ದ. ಷಟರ್ ತೆರೆದು ಒಳಗೆ ಹೋದವನಿಗೆ ಸರಕಿನ ಬೇಲುಗಳ ಹಿಂದೆ ಅದು ಕಂಡಿದೆ, ಪಕ್ಕದ ಕಬ್ಬಿಣದ ರ‍್ಯಾಕ್ ಹತ್ತಿಬಿಟ್ಟಿದ್ದಾನೆ. ಹೊರಗಿದ್ದವರು ಗಾಬರಿಯಲ್ಲಿ ಷಟರ್ ಎಳೆದಿದ್ದಾರೆ. ಈಗ ತೆರೆಯಲು ಯಾರಿಗೂ ಧೈರ್ಯವಿಲ್ಲ. ತೆರೆದರೆ ಅದು ಹೊರಗಿನ ಜನರ ಮೇಲೆ ಬೀಳಬಹುದು, ಇಲ್ಲವೇ ರ‍್ಯಾಕ್ ಹತ್ತಬಹುದು. ಡಾರ್ಟಿನ ಇನ್ನೊಂದು ಬಂದೂಕು ರಾಮನಗರದ ಕಡೆ ಬೇರೆ ಚಿರತೆಯ ಹಿಂದೆ ಹೋಗಿತ್ತು.

ಡಾಕ್ಟರು ಮೇಜಿನ ಮೇಲಿನ ಬಂದೂಕನ್ನೇ ನೋಡಿದರು. ನಾನು ಸಾಹೇಬರನ್ನು ನೋಡಿದೆ. ಆಗ ಅವರಿಗೆ ಕಣ್ಣು ಮಂಜಾಗಿತ್ತು, ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಕೂತಲ್ಲಿಂದಲೇ ಹೇಳಿದರು:

'ಆಚಾರಿ, ನೀನೂ ಹೋಗು. ಅಲ್ಲಿ ಹೊಡ್ದು ನೋಡು. ಸರಿ ಇದ್ರೆ ಅಮ್ಮಾವ್ರ ಕೈಗೆ ಕೊಡು. ಇಲ್ಲಾಂದ್ರೆ ಕೊಡ್ಬೇಡ. ಯಾರ್ ಏನ್ ಅಂದ್ರೂ ಕೊಡ್ಬೇಡ.'

ಸ್ಕ್ರೂ ಬಿಗಿದು, ಉಳಿ, ಮರಳುಕಾಗದ ಚೀಲಕ್ಕೆ ಹಾಕಿಕೊಂಡು ಜೀಪು ಹತ್ತಿದೆ. ದಾರಿಯುದ್ದಕ್ಕೂ ಬಂದೂಕನ್ನು ತೊಡೆಯ ಮೇಲೆ ಮಗುವಿನಂತೆ ಅಡ್ಡ ಹಿಡಿದಿದ್ದೆ. ಡಾಕ್ಟರ ಫೋನಿನಲ್ಲಿ ಹನುಮಂತರಾಯಪ್ಪನ ದನಿ ಕೇಳುತ್ತಿತ್ತು, ಪಿಸುಮಾತಿನಲ್ಲಿ.

'ಅಮ್ಮಾ, ನನ್ನ ಕೆಳಗೇ ಕೂತೈತೆ. ಮೇಲ್ಕೇ ನೋಡ್ತೈತೆ.'

'ಅಲುಗಾಡ್ಬೇಡಪ್ಪಾ. ಕಾಲು ಮೇಲಕ್ಕೆ ಎತ್ಕೋ. ಬಂದ್ಬಿಟ್ವಿ.'

'ಎತ್ಕೊಳಕ್ಕೆ ಜಾಗ ಇಲ್ಲಮ್ಮಾ. ಡಬ್ಬ ತುಂಬ್ಬಿಟ್ಟವ್ರೆ.'

ಗೋದಾಮಿನ ಕಾಂಪೌಂಡಿನ ಮೇಲೆಲ್ಲ ಜನ, ಕೈಯಲ್ಲೆಲ್ಲ ಮೊಬೈಲು. ಅರಣ್ಯಾಧಿಕಾರಿಯೊಬ್ಬರು ಗೋಡೆಯ ಪಕ್ಕ ಲಾರಿ ನಿಲ್ಲಿಸಿ, ಅದರ ಮೇಲೆ ಏಣಿ ಇಡಿಸಿದ್ದರು. ಮೇಲೆ ಗಾಳಿಗಿಂಡಿ ಇತ್ತು, ಅಲ್ಲಿಂದ ಒಳಗೆ ಕಾಣುತ್ತಿತ್ತು. ಡಾಕ್ಟರು ಹತ್ತಿ ನೋಡಿ ಇಳಿದರು. ಚಿರತೆ ರ‍್ಯಾಕಿನ ಬುಡದಲ್ಲಿ ಕೂತಿತ್ತು. ಅದರ ಬಲಕ್ಕೆ, ಸ್ವಲ್ಪ ಮೇಲೆ, ಕಾವಲುಗಾರನ ಕಾಲುಗಳು ಇಳಿಬಿದ್ದಿದ್ದವು.

'ಚಿರತೆಗೆ ಹಾಕೋ ಡೋಸು ಮನುಷ್ಯನಿಗೆ ಹೊಕ್ರೆ ಅವನು ಉಳಿಯಲ್ಲ' ಎಂದು ನನಗೊಬ್ಬನಿಗೇ ಕೇಳುವಂತೆ ಹೇಳಿದರು. 'ಹೊಡ್ದು ನೋಡೋಣ ನಡೀರಿ.'

ಅಂಗಳದ ಇನ್ನೊಂದು ಕೊನೆಯಲ್ಲಿ ಒಂದು ಗೋಣಿಚೀಲ ನಿಲ್ಲಿಸಿ ಸುಣ್ಣದ ಬೊಟ್ಟು ಇಟ್ಟರು. ಗಿಂಡಿಯಿಂದ ಚಿರತೆಗಿದ್ದಷ್ಟೇ ದೂರ. ಡಾಕ್ಟರು ಖಾಲಿ ಡಾರ್ಟ್ ಹಾಕಿ ಹೊಡೆದರು. ಬೊಟ್ಟಿನಿಂದ ಒಂದು ಅಂಗೈ ಬಲಕ್ಕೆ ಹೋಗಿ ನಾಟಿತು. ಇನ್ನೊಂದು ಹೊಡೆದರು. ಅದು ಎರಡು ಅಂಗೈ ಬಲಕ್ಕೆ.

ಅರಣ್ಯಾಧಿಕಾರಿ ಎದುರಿಗೇ ನಿಂತಿದ್ದರು. 'ಬಲಕ್ಕೆ ಹೋಗ್ತಿದ್ರೆ ಅಷ್ಟು ಎಡಕ್ಕೆ ಗುರಿ ಇಟ್ರೆ ಆಯ್ತಲ್ರೀ.'

'ಸಾರ್, ಎರಡೂ ಒಂದೇ ಕಡೆ ಹೋಗ್ಲಿಲ್ಲ. ಮೂರನೇದು ಎಲ್ಲಿಗೆ ಹೋಗುತ್ತೋ ಹೇಳಕ್ಕಾಗಲ್ಲ' ಎಂದೆ.

ಜೇಬಿನಲ್ಲಿದ್ದ ಬಸ್ ಟಿಕೆಟ್ ತೆಗೆದು ನಳಿಗೆಗೂ ಮರಕ್ಕೂ ನಡುವೆ ತೂರಿಸಿದೆ. ತುದಿಯಿಂದ ಸಲೀಸಾಗಿ ಹೋದದ್ದು ಬುಡಕ್ಕೆ ಒಂದು ಗೇಣು ಇರುವಾಗ ಎಡಬದಿಯಲ್ಲಿ ಸಿಕ್ಕಿಕೊಂಡಿತು. ಸ್ಕ್ರೂ ಬಿಗಿಯುವಾಗ ಅರೆ ಒಣಗಿದ ಅಂಟು ಮುಂದಕ್ಕೆ ಉಕ್ಕಿ, ಅಲ್ಲಿ ದಿಣ್ಣೆಯಾಗಿತ್ತು. ಇನ್ನೂ ಮೆತ್ತಗೆ ಇದ್ದದ್ದರಿಂದ ಪ್ರತಿ ಹೊಡೆತಕ್ಕೂ ಅದು ನಳಿಗೆಯನ್ನು ಬೇರೆ ಬೇರೆ ರೀತಿ ತಳ್ಳುತ್ತಿತ್ತು.

'ಬಿಚ್ಚಿ ಕೆರೀಬೇಕು ಮೇಡಂ.'

ಅವರು ತಲೆಯಾಡಿಸಿದರು. ಅಧಿಕಾರಿಗೆ ನಂಬಲಾಗಲಿಲ್ಲ. 'ಒಳಗೆ ಮನುಷ್ಯ ಅವ್ನೆ ಕಣ್ರೀ. ನೀವು ಇಲ್ಲಿ ಬಡಗಿ ಕೆಲಸ ಮಾಡ್ತೀನಿ ಅಂತೀರಲ್ಲ.'

ಗೋದಾಮಿನ ಗೋಡೆಯ ಪಕ್ಕದಲ್ಲೇ, ಸಿಮೆಂಟ್ ಕಟ್ಟೆಯ ಮೇಲೆ ಟವೆಲ್ ಹಾಸಿ ಕೂತೆ. ಕಬ್ಬಿಣವನ್ನು ಬಿಚ್ಚಿ ಡಾಕ್ಟರ ಕೈಗೆ ಕೊಟ್ಟೆ. ಮೆತ್ತಗಿನ ಅಂಟು ಉಳಿಗೆ ಸುಲಭವಾಗಿ ಸಿಗುವುದಿಲ್ಲ, ಎಳೆದರೆ ರಬ್ಬರಿನಂತೆ ಬರುತ್ತದೆ, ಜೊತೆಗೆ ಹಿಂದಿನ ಗಟ್ಟಿ ಭಾಗವನ್ನೂ ಎಬ್ಬಿಸಿಬಿಡಬಹುದು. ಅದು ಎದ್ದರೆ ಆ ದಿನಕ್ಕೆ ಬಂದೂಕೇ ಇಲ್ಲ. ಉಳಿಯನ್ನು ಮಲಗಿಸಿ, ಒಂದೊಂದೇ ಸಿಬಿರು ತೆಗೆಯತೊಡಗಿದೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಡಾಕ್ಟರು ತಮ್ಮ ದುಪಟ್ಟಾದಿಂದ ನನ್ನ ಹಣೆ ಒರೆಸಿದರು, ಆಪರೇಷನ್ ಮಾಡುವವರಿಗೆ ಪಕ್ಕದವರು ಒರೆಸುತ್ತಾರಲ್ಲ, ಹಾಗೆ. ಕೂಡಿಸಿದೆ, ಬಿಗಿದೆ, ಟಿಕೆಟ್ ತೂರಿಸಿದೆ. ಇನ್ನೂ ಹಿಡಿಯುತ್ತಿತ್ತು. ಮತ್ತೆ ಬಿಚ್ಚಿದೆ.

ಆಗ ಕಾಂಪೌಂಡಿನ ಮೇಲಿದ್ದ ಯಾರೋ ಒಬ್ಬ, ಚಿರತೆ ಫೋಟೋಗೆ ಸಿಗಲಿ ಎಂದೋ ಏನೋ, ಗೋದಾಮಿನ ತಗಡಿನ ಮೇಲೆ ಕಲ್ಲು ಎಸೆದ. ಒಳಗೆ ಡಬ್ಬಗಳು ಉರುಳಿದ ಸದ್ದಾಯಿತು. ಅದರ ಹಿಂದೆಯೇ ಮನುಷ್ಯನ ಕೂಗು. ಅಂಥ ಕೂಗನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಏಣಿಯ ಮೇಲಿದ್ದ ಅರಣ್ಯ ಇಲಾಖೆಯ ಗಾರ್ಡ್ ಹೇಳಿದ: 'ಕಾಲಿಗೆ ಹಾಕ್ಬುಡ್ತು ಸಾರ್. ಕೆಳಕ್ಕೆ ಇಳಿದೈತೆ. ರಕ್ತ ಸುರೀತೈತೆ.'

ಅಧಿಕಾರಿ ನನ್ನ ಮುಂದೆ ಕೈ ಚಾಚಿದರು. 'ಕೊಡ್ರೀ ಇಲ್ಲಿ. ಆದದ್ದಾಗ್ಲಿ.'

ನಾನು ಮರವನ್ನು ಎದೆಗೆ ಒತ್ತಿಕೊಂಡೆ. ಧೈರ್ಯದಿಂದ ಅಲ್ಲ. ಕೈ ತಾನಾಗಿ ಹಾಗೆ ಮಾಡಿತು. ಡಾಕ್ಟರು ಇಬ್ಬರ ನಡುವೆ ಬಂದು ನಿಂತರು.

'ಹೊಡೆಯೋಳು ನಾನು ಸಾರ್. ತಪ್ಪಿ ಅವನಿಗೆ ಬಿದ್ರೆ ನಾನೇ ಕೊಂದ ಹಾಗೆ. ಆಚಾರ್ರೇ, ಇನ್ನೆಷ್ಟು?'

'ಇನ್ನೊಂದ್ಸಲ ಮೇಡಂ.'

ಉಳಿಯನ್ನು ಮತ್ತೆ ಮಲಗಿಸಿ ಕೆರೆಯತೊಡಗಿದೆ. ಒಳಗೆ ಅವನು ನರಳುತ್ತಿದ್ದುದು ಗೋಡೆಯಾಚೆ ಕೇಳುತ್ತಲೇ ಇತ್ತು. ನಾನು ಮರವನ್ನೇ ನೋಡುತ್ತಿದ್ದೆ. ಮರಳುಕಾಗದ ಉಜ್ಜಿ, ಊದಿ, ಕೂಡಿಸಿ, ಬಿಗಿದೆ. ಟಿಕೆಟ್ ತುದಿಯಿಂದ ಬುಡದವರೆಗೆ ಎಲ್ಲೂ ನಿಲ್ಲದೆ ಬಂತು.

ಗೋಣಿಚೀಲಕ್ಕೆ ಹೊಡೆದರು. ಸುಣ್ಣದ ಬೊಟ್ಟಿನ ಅಂಚಿಗೆ ಬಿತ್ತು. ಇನ್ನೊಂದನ್ನೂ ಹೊಡೆದರು. ಅದೇ ತೂತಿನ ಪಕ್ಕಕ್ಕೆ.

ಡಾಕ್ಟರು ಔಷಧಿಯ ಡಾರ್ಟ್ ತುಂಬಿ ಏಣಿ ಹತ್ತಿದರು. ಕೆಳಗಿನಿಂದ ನನಗೆ ಕಂಡದ್ದು ಅವರ ಚಪ್ಪಲಿಯ ಹಿಮ್ಮಡಿ, ಮತ್ತು ಹೆಗಲಿಗೆ ಕೂತ ಹೊನ್ನೆ ಮರ. ಬಹಳ ಹೊತ್ತು ಹೊಡೆಯಲೇ ಇಲ್ಲ. ಚಿರತೆ ತಲೆ ತಿರುಗಿಸಲಿ ಎಂದು ಕಾದಿದ್ದರಂತೆ. ಆಮೇಲೆ ಉಸಿರು ಬಿಟ್ಟಷ್ಟೇ ಸಣ್ಣ ಸದ್ದು. ಒಳಗೆ ಒಂದು ಗರ್ಜನೆ, ಓಡಾಟ, ಡಬ್ಬಗಳ ಸದ್ದು.

'ತೊಡೆಗೆ ಬಿದ್ದಿದೆ' ಎಂದರು ಡಾಕ್ಟರು. ಫೋನಿನಲ್ಲಿ, 'ಹನುಮಂತರಾಯಪ್ಪ, ಇನ್ನೊಂಚೂರು ತಡ್ಕೊಳಪ್ಪಾ, ನಿದ್ದೆ ಬರ್ಬೇಕು ಅದಕ್ಕೆ' ಎಂದರು. ಉತ್ತರ ಬರಲಿಲ್ಲ. ಔಷಧಿ ಏರುವವರೆಗೆ ಕಾಯುವುದು ಬಿಟ್ಟು ಬೇರೇನೂ ಮಾಡುವ ಹಾಗಿರಲಿಲ್ಲ. ಕಾಂಪೌಂಡಿನ ಮೇಲಿನ ಜನ ಕೂಡ ಮೊಬೈಲು ಇಳಿಸಿದ್ದರು. ಕೊನೆಗೆ ಗಿಂಡಿಯಿಂದ ಉದ್ದ ಕೋಲು ತೂರಿಸಿ ತಿವಿದರೂ ಚಿರತೆ ಏಳಲಿಲ್ಲ. ಷಟರ್ ಎತ್ತಿ, ಬಲೆ ಹಾಕಿ ಅದನ್ನು ಬೋನಿಗೆ ಸಾಗಿಸಿದರು. ಇನ್ನು ನಾಲ್ಕು ಜನ ಹನುಮಂತರಾಯಪ್ಪನನ್ನು ಇಳಿಸಿದರು. ಪ್ರಜ್ಞೆ ಇತ್ತು. ಎಡಗಾಲಿನ ಮೀನಖಂಡ ಹರಿದಿತ್ತು.

ನಾಲ್ಕೈದು ದಿನ ಬಿಟ್ಟು ಆಸ್ಪತ್ರೆಗೆ ಹೋದೆ. ಎಳನೀರು ತೆಗೆದುಕೊಂಡು ಹೋಗಿದ್ದೆ. ಬಂದೂಕಿನ ಮರ ಮಾಡಿದವನು ನಾನು ಎಂದು ಅವನ ಹೆಂಡತಿಗೆ ಹೇಳಿದೆ. ಆಕೆ ಕುರ್ಚಿ ಕೊಟ್ಟಳು. ಅವನು ಮುಖ ತಿರುಗಿಸಲಿಲ್ಲ, ಮೇಲೆ ಫ್ಯಾನು ನೋಡುತ್ತಲೇ ಮಾತಾಡಿದ.

'ನೀವು ಮರ ಕೆರೀತಿದ್ದ ಸದ್ದು ನಂಗೆ ಕೇಳಿಸ್ತಿತ್ತು. ಗೋಡೆ ಆಚೆ. ನಿಂತಾಗ, ಬಂದ್ರು ಅನ್ಕೊಂಡೆ. ಮತ್ತೆ ಶುರುವಾಯ್ತು.'

ನಾನು ಎಳನೀರನ್ನು ತೊಡೆಯ ಮೇಲೆ ಹಿಡಿದು ಕೂತಿದ್ದೆ.

'ನಿಮ್ಮ ಮಗ ಒಳಗಿದ್ದಿದ್ರೆ ಕೆರೀತಾ ಕೂರ್ತಿದ್ರಾ ಸ್ವಾಮಿ?'

ಡಾಕ್ಟರಾಗಿದ್ದರೆ ಇದಕ್ಕೆ ಉತ್ತರ ಕೊಡುತ್ತಿದ್ದರೋ ಏನೋ. ನಾನು ಎಳನೀರನ್ನು ಮಂಚದ ಕೆಳಗಿಟ್ಟು ಬಂದೆ. ಖಾದರ್ ಸಾಹೇಬರಿಗೆ ಹೇಳಿದಾಗ ಅವರು, 'ಅವನ್ ಕೇಳಿದ್ದೂ ಸರಿ, ನೀನ್ ಮಾಡಿದ್ದೂ ಸರಿ. ಎರಡನ್ನೂ ಇಟ್ಕೋ' ಎಂದರು. ಸಮಾಧಾನ ಹೇಳುವ ಜಾತಿ ಅವರದಲ್ಲ.

ಆ ಮಳೆಗಾಲ ಮುಗಿದ ಮೇಲೆ ಡಾಕ್ಟರು ಬಂದೂಕನ್ನು ಎಣ್ಣೆ ಹಾಕಿಸಲು ತಂದಿದ್ದರು. ಪರದೇಶದ ಕುಂದಾ ಅಷ್ಟರಲ್ಲಿ ಮಂಜೂರಾಗಿತ್ತು. ಅವರೇ ಬೇಡ ಎಂದಿದ್ದರಂತೆ. ಕಬ್ಬಿಣವನ್ನು ಒಳಗಿಟ್ಟು ಮರವನ್ನಷ್ಟೇ ಮೇಜಿನ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದೆ. ಬಾಗಿಲಲ್ಲಿ ಯಾರೋ ಕೋಲು ಊರಿದ ಸದ್ದಾಯಿತು. ಹನುಮಂತರಾಯಪ್ಪ.

ಒಳಗೆ ಬಾ ಎಂದೆ. ಬಂದು ನಿಂತ. ಕೂರಲಿಲ್ಲ.

'ಇದೇನಾ?'

'ಹೌದು.'

'ಎಲ್ಲಿ ಕೆರೆದಿದ್ದು, ತೋರ್ಸಿ.'

ಮರವನ್ನು ಬೆಳಕಿಗೆ ತಿರುಗಿಸಿ ಆ ಜಾಗ ತೋರಿಸಿದೆ. ಅವನು ಬೆರಳು ಇಟ್ಟು ಹಿಂದಕ್ಕೂ ಮುಂದಕ್ಕೂ ಸವರಿದ. ಅಲ್ಲಿ ಈಗ ಏನೂ ಇರಲಿಲ್ಲ. ನುಣುಪಾಗಿತ್ತು.

'ಎಷ್ಟು ದಪ್ಪ ಇತ್ತು?'

ನನ್ನ ಹೆಬ್ಬೆರಳಿನ ಉಗುರು ತೋರಿಸಿದೆ. ಅವನು ಅದನ್ನು ನೋಡಿದ, ತನ್ನ ಕಾಲನ್ನು ನೋಡಿಕೊಂಡ.

'ಇಷ್ಟಕ್ಕಾ?'

'ಇಷ್ಟಕ್ಕೇ.'

'ಅದು ಅಲ್ಲೇ ಇದ್ದಿದ್ರೆ ಸೂಜಿ ಎಲ್ಲಿಗೆ ಹೋಗ್ತಿತ್ತು?'

'ಬಲಕ್ಕೆ.'

ತಾನು ಕೂತಿದ್ದ ಜಾಗವನ್ನು ಅವನು ಲೆಕ್ಕ ಹಾಕಿದ. ಗೋದಾಮನ್ನು ಗಿಂಡಿಯ ಕಡೆಯಿಂದ ಮನಸ್ಸಿನಲ್ಲೇ ನೋಡುತ್ತಿದ್ದ ಎಂದು ಕಾಣುತ್ತದೆ. ಕೋಲನ್ನು ಮೇಜಿಗೆ ಒರಗಿಸಿ, ಮರವನ್ನು ಎರಡೂ ಕೈಯಲ್ಲಿ ಎತ್ತಿ, ಇದ್ದ ಜಾಗದಲ್ಲೇ ಮೆಲ್ಲಗೆ ಇಟ್ಟ.

'ಆದ್ರೂ ಬೇಗ ಬರ್ಬೋದಿತ್ತು' ಎಂದ.

'ಹೌದು' ಎಂದೆ.